ಹಳೆಯ ಟೂರಿಂಗ್ ಗಾಡಿಗೆ ಪ್ಯಾನಿಯರ್ (ಸೈಡ್ ಬಾಕ್ಸ್) ಕೂರಿಸುವುದು: ಮೊದಲು ಬಾಕ್ಸಾ, ರ್‍ಯಾಕಾ?

ದೂರದಾರಿ
80ರ ದಶಕದ ಬೈಕ್. ಹಿಂದೆ ಎರಡು ಶಾಕ್, ಸ್ಟೀಲ್ ಸಬ್‌ಫ್ರೇಮ್ (ಸೀಟು ಹೊರುವ ಹಿಂದಿನ ಚೌಕಟ್ಟು), ಬಲಗಡೆ ಒಂದೇ ಸೈಲೆನ್ಸರ್. ಆಗಿನ ಕಂಪನಿ ರ್‍ಯಾಕ್ ಈಗ ಸಿಗುವುದಿಲ್ಲ. ಗಿವಿ ಕಂಪನಿಯ ಮೋನೊಕೀ ಸೈಡ್ ಬಾಕ್ಸ್ ಜೋಡಿ, ಜೊತೆಗೆ 46 ಲೀಟರ್ ಟಾಪ್ ಬಾಕ್ಸ್, ಎಲ್ಲವೂ ಸೆಕೆಂಡ್ ಹ್ಯಾಂಡ್, ಒಟ್ಟಿಗೆ ಸಿಗುತ್ತಿವೆ. ಮೊದಲು ಬಾಕ್ಸ್ ತಗೊಂಡು ಆಮೇಲೆ ಅದಕ್ಕೆ ತಕ್ಕ ರ್‍ಯಾಕ್ ಮಾಡಿಸಬಹುದಾ? ಹೆಚ್ಚಾಗಿ ಇಬ್ಬರು ಕೂತು ಹೋಗುವ ಗಾಡಿ.

ಬೆಸುಗೆ
ಲೆಕ್ಕ ಉಲ್ಟಾ ಹಾಕಿ. ಮೊದಲು ತೂಕ, ಆಮೇಲೆ ಸಬ್‌ಫ್ರೇಮ್, ಆಮೇಲೆ ಶಾಕ್, ಆಮೇಲೆ ರ್‍ಯಾಕ್. ಬಾಕ್ಸ್ ಎಷ್ಟು ಲೀಟರ್ ಎಂಬುದು ಕೊನೆಯ ಪ್ರಶ್ನೆ.

ಸ್ಟೀರಿಂಗ್ ಹೆಡ್ ಹತ್ತಿರದ ಪ್ಲೇಟಿನಲ್ಲಿ ಅಥವಾ ಮ್ಯಾನ್ಯುಯಲ್‌ನಲ್ಲಿ ಗಾಡಿಯ ಗರಿಷ್ಠ ಒಟ್ಟು ತೂಕ ಇರುತ್ತದೆ. ಅದರಿಂದ ಪೆಟ್ರೋಲ್, ಆಯಿಲ್ ತುಂಬಿದ ಗಾಡಿಯ ತೂಕ ಕಳೆಯಿರಿ. ಉದಾಹರಣೆಗೆ ಪ್ಲೇಟಿನಲ್ಲಿ 430 ಕಿಲೋ, ತುಂಬಿದ ಗಾಡಿ 235 ಕಿಲೋ ಎಂದುಕೊಳ್ಳಿ. ಉಳಿದದ್ದು 195. ಹೆಲ್ಮೆಟ್ಟು, ಜಾಕೆಟ್ಟು, ಬೂಟು ಸೇರಿ ಇಬ್ಬರು 155 ಕಿಲೋ ಆದರೆ ಮಿಕ್ಕಿದ್ದು 40. ಇನ್ನೂ ಲಗೇಜ್ 40 ಕಿಲೋ ಅಲ್ಲ. ರ್‍ಯಾಕ್ ಮತ್ತು ಟಾಪ್ ಪ್ಲೇಟ್ ಸೇರಿ ಸುಮಾರು 6 ಕಿಲೋ, ಮೂರು ಖಾಲಿ ಬಾಕ್ಸ್ ಸುಮಾರು 12 ಕಿಲೋ. ಕೈಗೆ ಸಿಕ್ಕಿದ್ದು 22 ಕಿಲೋ ಅಷ್ಟೇ. 46 ಲೀಟರಿನ ಟಾಪ್ ಬಾಕ್ಸ್ ಕಂಡರೆ ಕೈ ಸುಮ್ಮನಿರುವುದಿಲ್ಲ, ತುಂಬಿಸಿಯೇ ತುಂಬಿಸುತ್ತೇವೆ. ಆ ಆಸೆಗೆ ಈ ಲೆಕ್ಕವೇ ಕಡಿವಾಣ.

ಗ್ರೀಸ್‌ಕೈ
ಬೆಸುಗೆಯವರು ಹೇಳಿದ್ದು ಸರಿ. ಸಬ್‌ಫ್ರೇಮ್ ಹೇಗೆ ನೋಡಬೇಕು ಅನ್ನೋದನ್ನೂ ಹೇಳಿಬಿಡ್ತೀನಿ.

ಸೀಟು, ಸೈಡ್ ಪ್ಯಾನೆಲ್, ಹಿಂದಿನ ಮಡ್‌ಗಾರ್ಡ್ ತೆಗೆಯಿರಿ. ಎಣ್ಣೆ ಜಿಡ್ಡು ಪೂರ್ತಿ ತೊಳೆಯಿರಿ, ಜಿಡ್ಡಿನ ಕೆಳಗಿನ ಬಿರುಕು ಕಣ್ಣಿಗೆ ಬೀಳುವುದಿಲ್ಲ. ನೋಡಬೇಕಾದ ಜಾಗ ಮುಖ್ಯವಾಗಿ ಮೂರು: ಶಾಕ್‌ನ ಮೇಲಿನ ಸ್ಟಡ್ (ಶಾಕ್ ಕೂರುವ ಥ್ರೆಡ್ ಕಡ್ಡಿ) ಬೆಸೆದಿರುವ ಜಾಗ, ಸೀಟ್ ರೈಲ್ ಮುಖ್ಯ ಫ್ರೇಮನ್ನು ಸೇರುವ ಮೂಲೆಯ ಗಸೆಟ್ (ಗಟ್ಟಿಗಾಗಿ ಬೆಸೆದ ಪ್ಲೇಟ್), ಹಿಂದೆ ಕೂರುವವರ ಫುಟ್‌ಪೆಗ್ ಬ್ರಾಕೆಟ್. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅದನ್ನು ಪೇಂಟಿನ ಬಿರುಕು ಎಂದುಕೊಳ್ಳಬೇಡಿ, ಲೋಹದ್ದೇ ಎಂದುಕೊಂಡು ಮುಂದೆ ಹೋಗಿ. ಪೇಂಟ್ ಕೆರೆದು, ಬಿರುಕಿಗೆ ಇಳಿದು ಬಣ್ಣ ತೋರಿಸುವ ಡೈ ಪೆನೆಟ್ರೆಂಟ್ ಸ್ಪ್ರೇ ಹೊಡೆದರೆ ಅನುಮಾನ ಬಗೆಹರಿಯುತ್ತದೆ.

ರ್‍ಯಾಕ್ ಹಾಕಿದ ಗಾಡಿಗಳಲ್ಲಿ ಬಿರುಕು ಬರುವುದು ಸಾಮಾನ್ಯವಾಗಿ ಕೂತ ತೂಕದಿಂದಲ್ಲ, ಅಲುಗಾಡುವ ತೂಕದಿಂದ. ಬಾಕ್ಸ್ ಪ್ರತಿ ಗುಂಡಿಯಲ್ಲೂ ಹೊರಕ್ಕೆ ಒಳಕ್ಕೆ ಆಡಿದರೆ ಸಬ್‌ಫ್ರೇಮ್ ಟ್ಯೂಬ್ ತಿರುಚಿಕೊಳ್ಳುತ್ತದೆ, ಸಾವಿರಾರು ಸಲ ತಿರುಚಿಕೊಂಡರೆ ಬೆಸುಗೆಯ ಅಂಚು ಬಿಡುತ್ತದೆ.

ದೂರದಾರಿ
ಹಾಗಾದರೆ ರ್‍ಯಾಕ್ ಗಟ್ಟಿ ಇದ್ದರೆ ಸಾಕಲ್ಲ? ಇಲ್ಲಿ ಒಬ್ಬ ಫ್ಯಾಬ್ರಿಕೇಟರ್ 25 ಮಿಮೀ ಚೌಕ ಪೈಪಿನಲ್ಲಿ ಮಾಡ್ತೀನಿ ಅಂತಿದ್ದಾರೆ.

ಬೆಸುಗೆ
ಬೇಡ. ದಪ್ಪ ಪೈಪ್ ಅಂದರೆ ಗಟ್ಟಿ ರ್‍ಯಾಕ್ ಅಂತಲ್ಲ. ಹೊರವ್ಯಾಸ 16 ಅಥವಾ 18 ಮಿಮೀ, ಗೋಡೆ 2 ಮಿಮೀ, ಸಾದಾ ಸೀಮ್‌ಲೆಸ್ ಸ್ಟೀಲ್ ಟ್ಯೂಬ್ ಸಾಕು. ಬಲ ಬರುವುದು ತ್ರಿಕೋನದಿಂದ. ಪ್ರತಿ ಬದಿಗೆ ಮೂರು ಹಿಡಿತ ಬೇಕು: ಒಂದು ಶಾಕ್ ಸ್ಟಡ್ ಹತ್ತಿರ, ಒಂದು ಫುಟ್‌ಪೆಗ್ ಬ್ರಾಕೆಟ್ ಹತ್ತಿರ, ಒಂದು ಸೀಟಿನ ಹಿಂತುದಿಯಲ್ಲಿ. ಮೂರೂ ಒಂದೇ ಗೆರೆಯಲ್ಲಿ ಬಂದರೆ ಅದು ಬಾಗಿಲಿನ ಕೀಲು ಆಗುತ್ತದೆಯೇ ಹೊರತು ರ್‍ಯಾಕ್ ಆಗುವುದಿಲ್ಲ.

ಇನ್ನೊಂದು, ಬಹಳ ಮಂದಿ ಬಿಟ್ಟುಬಿಡುವ ತುಂಡು: ಎಡ ರ್‍ಯಾಕಿನಿಂದ ಬಲ ರ್‍ಯಾಕಿಗೆ ನಂಬರ್ ಪ್ಲೇಟ್ ಹಿಂದೆ ಹಾದುಹೋಗುವ ಅಡ್ಡಪಟ್ಟಿ. ಅದಿಲ್ಲದಿದ್ದರೆ ಎರಡೂ ಬದಿ ಬೇರೆಬೇರೆಯಾಗಿ ರೆಕ್ಕೆ ಬಡಿಯುತ್ತವೆ. ಗ್ರೀಸ್‌ಕೈ ಹೇಳಿದ ತಿರುಚಾಟ ಶುರುವಾಗುವುದೇ ಇಲ್ಲಿಂದ. ಅಡ್ಡಪಟ್ಟಿಯನ್ನು ಬೋಲ್ಟಿನಲ್ಲಿ ಕೂರಿಸಿ, ಬೆಸೆಯಬೇಡಿ. ಹಿಂದಿನ ಚಕ್ರ ಬಿಚ್ಚುವಾಗ ತೆಗೆಯಲು ಬರಬೇಕು.

ಅಡ್ಡಪಟ್ಟಿ ಟೈರಿಗೆ ತಗುಲುವುದಿಲ್ಲ ಎಂದು ಕಣ್ಣಳತೆಯಲ್ಲಿ ಹೇಳಬೇಡಿ. ಎರಡೂ ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಶಾಕ್ ಪೂರ್ತಿ ಒತ್ತಿದಾಗ ಚಕ್ರ ಎಲ್ಲಿಗೆ ಬರುತ್ತದೋ ಅಲ್ಲಿಯವರೆಗೆ ಎತ್ತಿ ನೋಡಿ. ಅಲ್ಲಿ ಇನ್ನೂ 20 ಮಿಮೀ ಅಂತರ ಇರಬೇಕು. ಓಟದಲ್ಲಿ ಟೈರ್ ಸ್ವಲ್ಪ ಉಬ್ಬುತ್ತದೆ, ಕೆಸರು ಕಲ್ಲು ಬೇರೆ ಅಂಟಿರುತ್ತದೆ.

ನಿಧಾನಿ
ಮಾಡಿಸುವಾಗ ಟ್ಯೂಬಿನ ತುದಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ತೂತು ಕೊರೆಯಲು ಬಿಡಬೇಡಿ. ದುಂಡು ಮುಗಿದು ಚಪ್ಪಟೆ ಶುರುವಾಗುವ ಆ ಗೆರೆಯಲ್ಲೇ ಮುರಿಯುತ್ತದೆ. ತುದಿಗೆ ಸೀಳು ಹಾಕಿ 5 ಮಿಮೀ ಪ್ಲೇಟಿನ ತುಂಡು ಒಳಗೆ ಕೂರಿಸಿ ಎರಡೂ ಕಡೆ ಬೆಸೆಯಬೇಕು.

ಗ್ರೀಸ್‌ಕೈ
ಹೌದು. ಜೊತೆಗೆ ಗಾಡಿಯ ಮೇಲೆ ಬರೀ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿಸಿ, ಪೂರ್ತಿ ಬೆಸುಗೆ ಕೆಳಗಿಳಿಸಿಕೊಂಡೇ ಆಗಲಿ. ಟ್ಯಾಕ್ ಹಾಕುವಾಗಲೂ ಬ್ಯಾಟರಿಯ ಎರಡೂ ವೈರ್ ಬಿಚ್ಚಿ, ಇಗ್ನಿಷನ್ ಮಾಡ್ಯೂಲಿನ ಸಾಕೆಟ್ ಎಳೆದಿಡಿ, ಅರ್ಥ್ ಕ್ಲ್ಯಾಂಪ್ ಬೆಸೆಯುವ ತುಂಡಿಗೇ ಕಚ್ಚಿಸಿ. ಕರೆಂಟು ಚಕ್ರದ ಬೇರಿಂಗ್ ಮೂಲಕ ದಾರಿ ಹುಡುಕಿಕೊಂಡರೆ ಬೇರಿಂಗ್ ಹಾಳು. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ ಎಂದು ಬೇರೆ ಹೇಳಬೇಕಿಲ್ಲ ತಾನೆ. ಗ್ಯಾಲ್ವನೈಸ್ಡ್ ಪೈಪ್ ಬೇಡವೇ ಬೇಡ, ಸತುವಿನ ಹೊಗೆ ಒಳ್ಳೆಯದಲ್ಲ, ಬೆಸುಗೆಯೂ ತೂತುತೂತಾಗುತ್ತದೆ.

ಎಂಟರಪಾನ
ಬೋಲ್ಟಿನ ವಿಷಯ ಯಾರೂ ಎತ್ತಿಲ್ಲ. ರ್‍ಯಾಕ್ ಕಳಚಿ ಬೀಳುವುದು ಹೆಚ್ಚಾಗಿ ಬೋಲ್ಟಿನಿಂದಲೇ, ಆದ್ದರಿಂದ ಉದ್ದಕ್ಕೆ ಬರೀತೀನಿ.

ಮೂಲ ಬೋಲ್ಟ್ ಎಂ8, 25 ಮಿಮೀ ಉದ್ದ ಎಂದುಕೊಳ್ಳಿ. ನಡುವೆ 5 ಮಿಮೀ ರ್‍ಯಾಕ್ ಪ್ಲೇಟ್, 1.6 ಮಿಮೀ ವಾಷರ್ ಬಂತು. ಈಗ 30ರ ಬೋಲ್ಟ್ ಹಾಕಿದರೆ ಥ್ರೆಡ್ ಹಿಡಿತ 1.6 ಮಿಮೀ ಕಡಿಮೆ. 35 ಹಾಕಿದರೆ, ತೂತು ಕುರುಡು ತೂತಾಗಿದ್ದಲ್ಲಿ (ಆಚೆ ಬದಿ ತೆರೆದಿರದಿದ್ದಲ್ಲಿ), ಬೋಲ್ಟ್ ತಳಕ್ಕೆ ಕುಟ್ಟಿ ನಿಲ್ಲುತ್ತದೆ. ಸ್ಪ್ಯಾನರಿಗೆ ಬಿಗಿ ಅನ್ನಿಸುತ್ತದೆ, ರ್‍ಯಾಕ್ ಮಾತ್ರ ಸಡಿಲ. ತೂತಿನ ಆಳ ವರ್ನಿಯರ್‌ನಲ್ಲಿ ಅಳೆದು ಬೋಲ್ಟ್ ಕತ್ತರಿಸಿಕೊಳ್ಳಿ. ಸ್ಟೀಲಿನಲ್ಲಿ ಥ್ರೆಡ್ ಹಿಡಿತ ಕನಿಷ್ಠ ಬೋಲ್ಟಿನ ವ್ಯಾಸದಷ್ಟು, ಅಂದರೆ 8 ಮಿಮೀ. ಅಲ್ಯೂಮಿನಿಯಂನಲ್ಲಿ ಅದರ ಒಂದೂವರೆಯಿಂದ ಎರಡು ಪಟ್ಟು.

ಗ್ರೇಡ್ 8.8 ಬಳಸಿ. ತುಕ್ಕು ಹಿಡಿಯಲ್ಲ ಅಂತ ಸ್ಟೇನ್‌ಲೆಸ್ ಹಾಕುವವರು ಗಮನಿಸಿ: ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ 450 ಮೆಗಾಪಾಸ್ಕಲ್‌ಗೆ ಹಿಗ್ಗಲು ಶುರು, 8.8 ಬೋಲ್ಟ್ 640ರವರೆಗೆ ತಡೆಯುತ್ತದೆ. ಇಂಡಿಕೇಟರ್ ಬ್ರಾಕೆಟ್ಟಿಗೆ ಸ್ಟೇನ್‌ಲೆಸ್ ಹಾಕಿ, ಶೋಕಿ ಅಲ್ಲಿರಲಿ. ಒಣ ಥ್ರೆಡ್‌ನ ಎಂ8ಗೆ ಸುಮಾರು 25 ನ್ಯೂಟನ್ ಮೀಟರ್, ಎಂ6ಗೆ ಸುಮಾರು 10. ಗ್ರೀಸ್ ಅಥವಾ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿದ್ದರೆ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ, ಐದನೇ ಒಂದು ಪಾಲು ಕಡಿಮೆ ಮಾಡಿ.

ಪೌಡರ್ ಕೋಟಿಂಗ್ ಮಾಡಿಸಿದರೆ ಬೋಲ್ಟ್ ತಲೆ ಕೂರುವ ಜಾಗ ಮತ್ತು ಫ್ರೇಮಿಗೆ ತಾಗುವ ಮುಖ ಎರಡನ್ನೂ ಕೆರೆದು ಲೋಹ ಕಾಣಿಸಿ, ತೆಳ್ಳಗೆ ಪ್ರೈಮರ್ ಹೊಡೆಯಿರಿ. ಇಲ್ಲದಿದ್ದರೆ ದಪ್ಪ ಕೋಟಿಂಗ್ ನಿಧಾನಕ್ಕೆ ಹಿಂಡಿಕೊಂಡು ಬೋಲ್ಟಿನ ಬಿಗಿ ಇಳಿಯುತ್ತದೆ. ಲಾಕ್‌ಟೈಟ್ (ಥ್ರೆಡ್‌ಗೆ ಹಚ್ಚುವ ಅಂಟು) ಹಾಕಿದ್ದೆ, ಆದರೂ ಸಡಿಲವಾಯಿತು ಅನ್ನುವ ದೂರುಗಳಿಗೆ ಇದು ಸಾಮಾನ್ಯ ಕಾರಣ. ನೀಲಿ ಥ್ರೆಡ್‌ಲಾಕರ್ ಬೋಲ್ಟ್ ತಿರುಗದಂತೆ ತಡೆಯುತ್ತದೆ, ಕೆಳಗಿನ ಪದರ ಕುಸಿದರೆ ಅದೇನು ಮಾಡೀತು.

ದೂರದಾರಿ
ಶಾಕ್ ಸ್ಟಡ್‌ಗೆ ರ್‍ಯಾಕ್ ಪ್ಲೇಟ್ ಹಾಕುವಾಗ ಒಳಗಡೆ ಹಾಕಬೇಕಾ, ಹೊರಗಡೆಯಾ?

ಎಂಟರಪಾನ
ಹೊರಗಡೆ. ಶಾಕ್‌ನ ಕಣ್ಣು ಮತ್ತು ಫ್ರೇಮಿನ ನಡುವೆ ಏನನ್ನೂ ತುರುಕಬೇಡಿ. 5 ಮಿಮೀ ಹೊರಗೆ ತಳ್ಳಿದರೂ ಶಾಕ್ ಓರೆಯಾಗಿ ಕೂತು ರಾಡ್ ಮತ್ತು ಸೀಲ್ ಒಂದೇ ಬದಿ ಸವೆಯುತ್ತವೆ.

ಹೊರಗೆ ಹಾಕಿದಾಗಲೂ ಎರಡು ವಿಷಯ ನೋಡಿ. ಸ್ಟಡ್ಡಿನ ಥ್ರೆಡ್ ನಟ್ಟಿನಿಂದ ಹೊರಗೆ ಕನಿಷ್ಠ ಒಂದು ಸುತ್ತು ಕಾಣಬೇಕು. ಕಂಪನಿಯ ಗುಮ್ಮಟ ನಟ್ಟು ಇದ್ದರೆ ಒಳಗೆ ಎಷ್ಟು ಹಿಡಿದಿದೆ ಎಂದು ಕಾಣುವುದಿಲ್ಲ, ಅದನ್ನು ತೆಗೆದು ನೈಲಾಕ್ (ನೈಲಾನ್ ಉಂಗುರದ ನಟ್ಟು) ಹಾಕಿ. ಎರಡನೆಯದು, ರ್‍ಯಾಕ್ ಪ್ಲೇಟ್ ಶಾಕ್‌ನ ರಬ್ಬರ್ ಬುಷ್ ಮೇಲೆ ನೇರ ಕೂರಬಾರದು, ಬುಷ್‌ನ ಒಳಗಿನ ಲೋಹದ ಕೊಳವೆಯ ಮೇಲೆ ವಾಷರ್ ಮೂಲಕ ಕೂರಬೇಕು. ರಬ್ಬರ್ ಮೇಲೆ ಕೂತರೆ ಶಾಕ್ ಆಡಿದಾಗಲೆಲ್ಲ ರ್‍ಯಾಕ್ ನಟ್ಟನ್ನು ಸಡಿಲಿಸುತ್ತಲೇ ಇರುತ್ತದೆ. ಸ್ಟಡ್ಡಿನ ಉದ್ದ ಸಾಲದಿದ್ದರೆ ಆ ಜಾಗ ಬಿಟ್ಟು ಬೇರೆ ಹಿಡಿತ ಹುಡುಕಿ.

ನಿಧಾನಿ
ಕೂರಿಸುವ ಕ್ರಮ: ಎಲ್ಲಾ ಬೋಲ್ಟ್ ಕೈಯಲ್ಲಿ ನಾಲ್ಕು ಸುತ್ತು ಹಾಕಿ, ಅಡ್ಡಪಟ್ಟಿಯನ್ನೂ ಸೇರಿಸಿ, ಆಮೇಲೆ ಬಿಗಿಸಿ. ಒಂದು ತೂತು ಸೇರದಿದ್ದರೆ ಕಂಬಿ ಹಾಕಿ ಎಳೆದು ಸೇರಿಸಬೇಡಿ. ಹಾಗೆ ಸೇರಿದ ರ್‍ಯಾಕ್ ನಿಂತ ಗಾಡಿಯಲ್ಲೇ ಫ್ರೇಮನ್ನು ಎಳೆಯುತ್ತಿರುತ್ತದೆ. ತೂತನ್ನು ಅರದಿಂದ ಉದ್ದ ಮಾಡಿ, ಇಲ್ಲಾ ಅಂತರಕ್ಕೆ ಸರಿಯಾದ ಸ್ಟೀಲ್ ಕೊಳವೆಯ ಸ್ಪೇಸರ್ ಕತ್ತರಿಸಿ ಹಾಕಿ. ನಾಲ್ಕೈದು ವಾಷರ್ ಪೇರಿಸುವುದು ಸ್ಪೇಸರ್ ಅಲ್ಲ. 100 ಕಿಮೀ ಆದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಟಾರ್ಕ್ ರೆಂಚ್ ಇಟ್ಟು ನೋಡಿ. ನಟ್ಟಿನಿಂದ ಫ್ರೇಮಿಗೆ ಪೇಂಟ್ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದರೆ ಆಮೇಲೆ ಕಣ್ಣಲ್ಲೇ ಗೊತ್ತಾಗುತ್ತದೆ.

ದೂರದಾರಿ
ಸೈಲೆನ್ಸರ್ ಬಲಗಡೆ ಇರುವುದರಿಂದ ಬಲ ಬಾಕ್ಸ್ ಹೊರಗೆ ಹೋಗುತ್ತೆ. ಎಡಗಡೆಯದನ್ನೂ ಅಷ್ಟೇ ಹೊರಗೆ ಇಡಬೇಕಾ?

ಬೆಸುಗೆ
ಇಲ್ಲ. ಎಡದ್ದು ಒಳಗೇ ಇರಲಿ, ಅಗಲ ಕಡಿಮೆ ಇದ್ದಷ್ಟೂ ಒಳ್ಳೆಯದು. ಸಮತೋಲವನ್ನು ತುಂಬುವಾಗ ತನ್ನಿ. ತೂಕ ಗುಣಿಸು ಗಾಡಿಯ ನಡುಗೆರೆಯಿಂದ ದೂರ, ಎರಡೂ ಬದಿ ಸಮ ಬರಬೇಕು. ಎಡ ಬಾಕ್ಸಿನ ನಡು 300 ಮಿಮೀ ದೂರ, ಅದರಲ್ಲಿ 8 ಕಿಲೋ. ಬಲದ್ದು 360 ಮಿಮೀ ಆದರೆ ಅದರಲ್ಲಿ ಸುಮಾರು 6.7 ಕಿಲೋ. ಖಾಲಿ ಬಾಕ್ಸಿನ ತೂಕವನ್ನೂ ಸೇರಿಸಿಕೊಳ್ಳಿ. ಅರ್ಧ ಕಿಲೋ ಆಚೀಚೆ ಆದರೆ ಗಾಡಿಗೆ ಲೆಕ್ಕವೇ ಇಲ್ಲ.

ಸೈಲೆನ್ಸರಿಗೂ ಬಾಕ್ಸಿಗೂ ಕನಿಷ್ಠ 40 ಮಿಮೀ ಅಂತರ, ಬಟ್ಟೆಯ ಬ್ಯಾಗ್ ಆದರೆ ಅದರ ಎರಡರಷ್ಟು, ನಡುವೆ ಹೀಟ್ ಶೀಲ್ಡ್. ಶೀಲ್ಡ್ ಪೈಪಿಗೆ ಅಂಟಿಕೊಂಡಿದ್ದರೆ ಅದೇ ಕಾಯ್ದು ಕೂರುತ್ತದೆ, 10ರಿಂದ 15 ಮಿಮೀ ಗಾಳಿ ಓಡಬೇಕು. ಎಬಿಎಸ್ ಪ್ಲಾಸ್ಟಿಕ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಓಡುವಾಗ ಗಾಳಿ ಕಾಪಾಡುತ್ತದೆ, ತೊಂದರೆ ಟ್ರಾಫಿಕ್‌ನಲ್ಲಿ ನಿಂತಾಗ. ಸೈಲೆನ್ಸರಿನ ಬಾಯಿ ಬಾಕ್ಸಿನ ತಳಕ್ಕಿಂತ ಮುಂಚೆಯೇ ಮುಗಿದರೆ ಬಾಕ್ಸಿನ ಬೆನ್ನಿಗೆಲ್ಲ ಮಸಿ.

ಹಿಂಬದಿ ಸೀಟು
ಹಿಂದೆ ಕೂರುವವರ ಪರವಾಗಿ ಒಂದು ಮಾತು. ರ್‍ಯಾಕ್ ಟ್ಯಾಕ್ ಹಾಕುವ ಮುಂಚೆ ಅವರನ್ನು ಬೂಟು ಹಾಕಿಸಿ ಕೂರಿಸಿ, ಹಿಮ್ಮಡಿ ಬಾಕ್ಸಿಗೆ ತಾಗುತ್ತಾ ನೋಡಿ. ಟಾಪ್ ಬಾಕ್ಸ್ ಬೆನ್ನಿಗೆ ಒತ್ತಬಾರದು ಅಂತ ಪ್ಲೇಟನ್ನು ಹಿಂದಕ್ಕೆ ಸರಿಸುವವರಿದ್ದಾರೆ. ಅದು ತಪ್ಪು ಅಂತ ಓದಿದ್ದೇನೆ. ಎಷ್ಟರಮಟ್ಟಿಗೆ ತಪ್ಪು, ಯಾರಾದರೂ ಲೆಕ್ಕದಲ್ಲಿ ಹೇಳ್ತೀರಾ?

ಎಂಟರಪಾನ
ಹೇಳ್ತೀನಿ ಮೇಡಂ. ಬಾಕ್ಸ್ ಸೇರಿ 12 ಕಿಲೋ, ಹಿಂದಿನ ಆ್ಯಕ್ಸೆಲ್‌ನಿಂದ 400 ಮಿಮೀ ಹಿಂದೆ, ವೀಲ್‌ಬೇಸ್ (ಎರಡು ಆ್ಯಕ್ಸೆಲ್ ನಡುವಿನ ದೂರ) 1500 ಮಿಮೀ. ಮುಂದಿನ ಚಕ್ರದಿಂದ 12 × 400 ÷ 1500, ಅಂದರೆ 3.2 ಕಿಲೋ ಇಳಿಯುತ್ತದೆ, ಹಿಂದಿನದಕ್ಕೆ 15.2 ಬೀಳುತ್ತದೆ. ಓದಿದರೆ ಇಷ್ಟೇನಾ ಅನ್ನಿಸುತ್ತದೆ. ನಿಜವಾದ ತೊಂದರೆ ಆ ಮೂರು ಕಿಲೋ ಅಲ್ಲ. ಗಾಡಿ ಎಡಬಲಕ್ಕೆ ತಿರುಗುವಾಗ ಆ ತೂಕ ತೋರುವ ಜಡತ್ವ ದೂರದ ವರ್ಗಕ್ಕೆ ಏರುತ್ತದೆ. ಗಾಡಿಯ ಭಾರಕೇಂದ್ರದಿಂದ ಎರಡರಷ್ಟು ದೂರ ಇಟ್ಟರೆ ನಾಲ್ಕರಷ್ಟು. ಅದಕ್ಕೇ ಪ್ಲೇಟನ್ನು 50 ಮಿಮೀ ಹಿಂದಕ್ಕೆ ಸರಿಸುವ ಬದಲು ತೆಳುವಾದ ಬೆನ್ನುದಿಂಬು ಹಾಕಿ. ಮೋನೊಕೀ ಟಾಪ್ ಬಾಕ್ಸಿಗೆ ಗಿವಿಯವರೇ ಹೇಳುವ ಮಿತಿ 10 ಕಿಲೋ, ವೇಗ 120 ಕಿಮೀ. ಹಳೆಯ ಎರಕದ ಅಲ್ಯೂಮಿನಿಯಂ ಗ್ರ್ಯಾಬ್ ರೈಲ್ ಮೇಲೆ ಪ್ಲೇಟ್ ಕೂರಿಸಿದರೆ ಮಿತಿ ಇನ್ನೂ ಕಡಿಮೆ, ಎರಕದ ರೈಲ್ ಬಾಗದೆ ನೇರ ಮುರಿಯುತ್ತದೆ.

ಗಿವಿಯದೇ ಇನ್ನೊಂದು ಬಗೆಯಾದ ಮೋನೊಲಾಕ್ ಬಾಕ್ಸ್ ಮೋನೊಕೀ ಪ್ಲೇಟಿಗೆ ಕೂರುವುದಿಲ್ಲ ಎಂಬುದನ್ನೂ ಕೊಳ್ಳುವ ಮೊದಲು ನೆನಪಿಡಿ.

ಗ್ರೀಸ್‌ಕೈ
ಲಗೇಜ್ ಹಾಕಿದ ಮೇಲೆ ಗಾಡಿ ಆಡುತ್ತದೆ ಎನ್ನುವವರು ಬಾಕ್ಸನ್ನು ಬೈಯುತ್ತಾರೆ. ಹಳೆಯ ಗಾಡಿಯಲ್ಲಿ ಮೊದಲೇ ಇದ್ದ ಸವೆತವನ್ನು ಬಾಕ್ಸ್ ಬರೀ ತೋರಿಸಿಕೊಟ್ಟಿರುತ್ತದೆ. ಎರಡು ಬಗೆ ಇದೆ. ವೇಗ ಇಳಿಯುತ್ತಾ 80ರಿಂದ 60ಕ್ಕೆ ಬರುವಾಗ ಹ್ಯಾಂಡಲ್ ಬಾರ್ ಪಟಪಟ ನಡುಗಿದರೆ ಮುಂಭಾಗದ ದೋಷ: ಸ್ಟೀರಿಂಗ್ ಹೆಡ್ ಬೇರಿಂಗ್, ಏರುಪೇರಾಗಿ ಸವೆದ ಮುಂದಿನ ಟೈರ್, ಚಕ್ರದ ಬ್ಯಾಲೆನ್ಸ್. ಹೆಚ್ಚು ವೇಗದಲ್ಲಿ ಇಡೀ ಗಾಡಿ ಸೆಕೆಂಡಿಗೆ ಎರಡು ಮೂರು ಸಲ ನಿಧಾನಕ್ಕೆ ಹಾವಿನ ಹಾಗೆ ತೂಗಿದರೆ ಹಿಂಭಾಗ ನೋಡಿ: ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಬೇರಿಂಗ್, ಟೈರ್ ಗಾಳಿ, ಸತ್ತ ಶಾಕ್, ಸಡಿಲ ರ್‍ಯಾಕ್. ಆಗ ಥ್ರಾಟಲ್ ನಿಧಾನಕ್ಕೆ ಬಿಡಿ, ಮೈ ಮುಂದಕ್ಕೆ ಬಾಗಿಸಿ, ಬ್ರೇಕ್ ಒತ್ತಿ ಹಿಡಿಯಬೇಡಿ.

ಸ್ವಿಂಗ್ ಆರ್ಮ್ ಪರೀಕ್ಷೆ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಒಂದು ಕೈ ಫ್ರೇಮಿನ ಮೇಲೆ, ಇನ್ನೊಂದರಲ್ಲಿ ಚಕ್ರದ ಹಿಂತುದಿ ಹಿಡಿದು ಎಡಬಲಕ್ಕೆ ಎಳೆಯಿರಿ. ಟಕ್ ಅಂದರೆ ಎಲ್ಲೋ ಸಡಿಲ ಇದೆ. ಅದು ಚಕ್ರದ ಬೇರಿಂಗಾ ಸ್ವಿಂಗ್ ಆರ್ಮಾ ಎಂದು ತಿಳಿಯಲು ಈಗ ಚಕ್ರ ಬಿಟ್ಟು ಆರ್ಮನ್ನೇ ಹಿಡಿದು ಅಲ್ಲಾಡಿಸಿ.

ದೂರದಾರಿ
ಶಾಕ್ ಮೂಲದ್ದೇ ಇದೆ. ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಿಕೆ) ಕೊನೆಯ ಹಂತಕ್ಕೆ ಏರಿಸಿದರೆ ಆಗುತ್ತಾ?

ನಿಧಾನಿ
ಅಳೆಯದೆ ಯಾರೂ ಹೇಳಲಾರರು. ಸೆಂಟರ್ ಸ್ಟ್ಯಾಂಡಿನಲ್ಲಿ ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆ್ಯಕ್ಸೆಲ್‌ನಿಂದ ನೇರ ಮೇಲೆ ಫ್ರೇಮಿನ ಒಂದು ಗುರುತಿಗೆ ಅಳತೆ ತೆಗೆಯಿರಿ. ಆಮೇಲೆ ಗಾಡಿ ಕೆಳಗಿಳಿಸಿ, ಲಗೇಜ್ ಹಾಕಿ, ಇಬ್ಬರೂ ಕೂತು ಮತ್ತೆ ಅಳೆಯಿರಿ. ವ್ಯತ್ಯಾಸವೇ ಸ್ಯಾಗ್. ಹಿಂದಿನ ಚಕ್ರದ ಒಟ್ಟು ಆಟ 110 ಮಿಮೀ ಇದ್ದರೆ ಸ್ಯಾಗ್ 33ರಿಂದ 38ರೊಳಗೆ ಇರಲಿ. ಪ್ರೀಲೋಡ್ ಪೂರ್ತಿ ಏರಿಸಿದರೂ 50 ಬಂದರೆ ಸ್ಪ್ರಿಂಗ್ ಮೆತ್ತಗಾಗಿದೆ, ಇಲ್ಲವೇ ಭಾರ ಜಾಸ್ತಿ. ಸ್ಯಾಗ್ ಸರಿ ಇದ್ದೂ ಹಿಂದೆ ಒಮ್ಮೆ ಒತ್ತಿ ಬಿಟ್ಟಾಗ ಗಾಡಿ ಎರಡು ಮೂರು ಸಲ ಕುಣಿದರೆ ಡ್ಯಾಂಪಿಂಗ್ (ಕುಣಿತ ತಡೆಯುವ ಗುಣ) ಹೋಗಿದೆ. ಪ್ರೀಲೋಡ್ ಗಾಡಿಯ ಎತ್ತರ ಬದಲಿಸುತ್ತದೆ, ಡ್ಯಾಂಪಿಂಗ್ ವಾಪಸ್ ತರುವುದಿಲ್ಲ. ಇಷ್ಟು ಹಳೆಯ ಮೂಲ ಶಾಕ್‌ನಲ್ಲಿ ಎಣ್ಣೆ ಇನ್ನೂ ಕೆಲಸ ಮಾಡುತ್ತಿದೆ ಎಂದು ನಂಬುವುದು ಕಷ್ಟ. ಬಾಕ್ಸಿಗಿಟ್ಟ ದುಡ್ಡು ಮೊದಲು ಇಲ್ಲಿಗೆ ಹೋಗಲಿ.

ಟೈರ್ ಗಾಳಿ ಮ್ಯಾನ್ಯುಯಲ್‌ನ ಪೂರ್ಣ ಭಾರದ ಸಾಲಿನಲ್ಲಿರುವಷ್ಟು, ಟೈರ್ ತಣ್ಣಗಿರುವಾಗ. ಹೆಡ್‌ಲೈಟ್ ಕೂಡ ಮೇಲೆದ್ದಿರುತ್ತದೆ. ಗೋಡೆಯಿಂದ 5 ಮೀಟರ್ ದೂರದಲ್ಲಿ ಖಾಲಿ ಗಾಡಿಯ ಬೆಳಕಿನ ಗೆರೆ ಗುರುತು ಮಾಡಿಟ್ಟುಕೊಂಡು, ತುಂಬಿದ ಮೇಲೆ ಅಷ್ಟಕ್ಕೇ ಇಳಿಸಿ.

ಹಿಂಬದಿ ಸೀಟು
ಇಷ್ಟೆಲ್ಲಾ ಆದ ಮೇಲೆ ಆ ಸೆಕೆಂಡ್ ಹ್ಯಾಂಡ್ ಬಾಕ್ಸ್‌ಗಳಲ್ಲಿ ಏನು ನೋಡಬೇಕು?

ಎಂಟರಪಾನ
ಮುಚ್ಚಳ ತೆಗೆದು, ಎರಡು ಅರ್ಧಗಳ ಅಂಚು ತಿರುಚಿಕೊಂಡಿದೆಯಾ ನೋಡಿ. ಮಂಡಿಯಿಂದ ಒತ್ತಿ ಮುಚ್ಚಿದ ಬಾಕ್ಸ್‌ಗಳ ಅಂಚು ನಡುವಲ್ಲಿ ಬಾಯಿ ಬಿಟ್ಟಿರುತ್ತದೆ, ಹೊಸ ಸೀಲ್ ಹಾಕಿದರೂ ನೀರು ನಿಲ್ಲುವುದಿಲ್ಲ. ಸೀಲ್ ಬದಲಿಸುವಾಗ ಮೂಲದಷ್ಟೇ ದಪ್ಪ ಇರಲಿ. ದಪ್ಪ ಹೆಚ್ಚಾದರೆ ಲಾಕ್ ಎಳೆತಕ್ಕೆ ಕೀಲಿನ ಪಿನ್ ಸೀಳುತ್ತದೆ. ಸೀಲಿನ ಎರಡು ತುದಿ ಸೇರುವ ಜಾಗ ಬಾಕ್ಸ್ ಗಾಡಿಯ ಮೇಲೆ ಕೂತಾಗ ಕೆಳಬದಿಗೆ ಬರಲಿ. ರಬ್ಬರಿಗೆ ಸಿಲಿಕೋನ್ ಗ್ರೀಸ್, ಬೀಗಕ್ಕೆ ಗ್ರ್ಯಾಫೈಟ್ ಪುಡಿ. ಬೀಗಕ್ಕೆ ಎಣ್ಣೆ ಬಿಟ್ಟರೆ ಧೂಳು ಕಚ್ಚಿ ಪಿನ್ ಸಿಕ್ಕಿಕೊಳ್ಳುತ್ತದೆ.

ಬಿರುಕು ಇದ್ದರೆ ಒಳಬದಿಯಲ್ಲಿ ಪ್ಲಾಸ್ಟಿಕ್‌ನ ಗುರುತು ಹುಡುಕಿ. ಎಬಿಎಸ್ ಎಂದಿದ್ದರೆ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಮಂದ ಪೇಸ್ಟ್ ಮಾಡಿ, ಬಿರುಕಿನ ತುದಿಗೆ 3 ಮಿಮೀ ತೂತು ಕೊರೆದು, ಬಿರುಕನ್ನು ವಿ ಆಕಾರಕ್ಕೆ ಕೆರೆದು ತುಂಬಿ, ಒಳಗಿನಿಂದ ಫೈಬರ್‌ಗ್ಲಾಸ್ ಬಟ್ಟೆ ಅಂಟಿಸಿ. ಒಂದು ದಿನ ಪೂರ್ತಿ ಒಣಗಲಿ. ಪಿಪಿ (ಪಾಲಿಪ್ರೊಪಿಲೀನ್) ಎಂದಿದ್ದರೆ ಅಸಿಟೋನ್ ಅದನ್ನು ಮುಟ್ಟುವುದೂ ಇಲ್ಲ, ಬಿಸಿಗಾಳಿ ವೆಲ್ಡಿಂಗ್ ಮಾತ್ರ. ಗುರುತಿಲ್ಲದಿದ್ದರೆ ಕಾಣದ ಜಾಗದಲ್ಲಿ ಒಂದು ಹನಿ ಅಸಿಟೋನ್ ಹಾಕಿ: ಅಂಟಂಟಾದರೆ ಎಬಿಎಸ್. ಲಾಕ್ ಕಚ್ಚುವ ನಾಲಿಗೆಯ ಬುಡದಲ್ಲೇ ಬಿರುಕಿದ್ದರೆ ರಿಪೇರಿ ಬೇಡ, ಆ ಬಾಕ್ಸೇ ಬೇಡ.

ದೂರದಾರಿ
ಸರಿ. ಟಾಪ್ ಬಾಕ್ಸ್ ಸದ್ಯಕ್ಕೆ ಬಿಟ್ಟೆ, ಸೈಡ್ ಜೋಡಿ ಮಾತ್ರ ಕೇಳ್ತೀನಿ. ಮೊದಲು ಸೀಟು ಬಿಚ್ಚಿ ಸಬ್‌ಫ್ರೇಮ್ ತೊಳೆದು ನೋಡ್ತೀನಿ. ರ್‍ಯಾಕ್ ಮಾಡಿಸಿದರೆ ಇಂಡಿಕೇಟರ್ ಜಾಗ ಬದಲಿಸಬೇಕಾ?

ಬೆಸುಗೆ
ಬಾಕ್ಸ್ ಹಾಕಿದ ಮೇಲೆ ಹಿಂದಿನಿಂದ ಓರೆಯಾಗಿ ನಿಂತು ನೋಡಿ. ಬಾಕ್ಸ್ ಮರೆ ಮಾಡಿದರೆ ನಂಬರ್ ಪ್ಲೇಟ್ ಬ್ರಾಕೆಟ್ಟಿಗೆ ಹಿಂದಕ್ಕೆ ತನ್ನಿ. ವೈರ್ ಉದ್ದ ಮಾಡುವಾಗ ಅರ್ಥ್ ವೈರನ್ನೂ ಬೇರೆಯಾಗಿ ಎಳೆಯಿರಿ, ಪೇಂಟ್ ಹೊಡೆದ ರ್‍ಯಾಕನ್ನು ಅರ್ಥ್ ಅಂತ ನಂಬಿದರೆ ಮಳೆ ಬಂದ ದಿನ ಇಂಡಿಕೇಟರ್ ಕಣ್ಣು ಮಿಟುಕಿಸುವುದೇ ನಿಲ್ಲಿಸುತ್ತದೆ. ಸಬ್‌ಫ್ರೇಮ್ ತೊಳೆದ ಮೇಲೆ ಶಾಕ್ ಸ್ಟಡ್ ಹತ್ತಿರದ್ದು, ಗಸೆಟ್ ಹತ್ತಿರದ್ದು ಎರಡು ಫೋಟೋ ಹಾಕಿ, ಸ್ಟಡ್ಡಿನ ಥ್ರೆಡ್ ಉದ್ದವನ್ನೂ ಅಳೆದು ಬರೆಯಿರಿ. ಹಿಡಿತ ಎಲ್ಲೆಲ್ಲಿ ಕೊಡಬಹುದು ಅಂತ ಅದನ್ನು ನೋಡಿ ಹೇಳ್ತೀನಿ.